ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇನೆ, ವಿಮಾನದಲ್ಲಿ ನಿದ್ದೆಯೇ ಬರೋದಿಲ್ಲ

ಪ್ರಶ್ನೆ: ನನಗೆ 61 ವರ್ಷ, ಬಿಪಿ ಇದೆ. ಮಗಳ ಬಾಣಂತನಕ್ಕೆ ಜೂನ್‌ನಲ್ಲಿ ಒಬ್ಬಳೇ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕು. ಬೆಂಗಳೂರಿನಿಂದ ಬೆಳಗಿನ ಜಾವ 3ಕ್ಕೆ ವಿಮಾನ, ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಇನ್ನೊಂದು ಹತ್ತಬೇಕು. ಹೋದ ಸಲ ದಾರಿಯುದ್ದಕ್ಕೂ ಕಣ್ಣು ಮುಚ್ಚಲಿಲ್ಲ. ಇಳಿದ ಮೇಲೆ ನಾಲ್ಕು ದಿನ ಮಂಕು ಬಡಿದ ಹಾಗಿತ್ತು. ಪರಿಚಯದವರು ತಮ್ಮ ನಿದ್ದೆ ಮಾತ್ರೆ ಕೊಟ್ಟು ಅರ್ಧ ನುಂಗಿ ಅಂದಿದ್ದಾರೆ. ತಗೊಳ್ಳಬಹುದಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಆ ಮಾತ್ರೆ ಬೇಡ. ದಯವಿಟ್ಟು ವಾಪಸ್ ಕೊಟ್ಟುಬಿಡಿ. ನಿದ್ದೆ ಮಾತ್ರೆಯ ಮಂಪರು ವಯಸ್ಸಾದವರಿಗೆ ಬೇಗ ಇಳಿಯುವುದಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಕಾಲು ತಡವರಿಸಿದರೆ, ಯಾವ ಗೇಟು ಅಂತ ಹೊಳೆಯದಿದ್ದರೆ ಕೈ ಹಿಡಿಯಲು ಜೊತೆಗೆ ಯಾರೂ ಇರುವುದಿಲ್ಲ. ಇನ್ನೂ ಒಂದು ಅಪಾಯ ಇದೆ. ಮಾತ್ರೆಯ ಅಮಲಿನಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು.

ನಿದ್ದೆ ಬಾರದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ವಿಮಾನದೊಳಗೆ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟೇ ಇರುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ರಾತ್ರಿಯೆಲ್ಲ ಕುರ್ಚಿ ಹಾಕಿಕೊಂಡು ಕೂತ ಹಾಗೆ! ಗಾಳಿ ಒಣಗಿರುವುದರಿಂದ ಗಂಟಲು ಆರುತ್ತದೆ. ಹೊಟ್ಟೆಯಲ್ಲಿನ ಗಾಳಿಯೂ ಹಿಗ್ಗುತ್ತದೆ. ಹಾಗಾಗಿ ಹೊರಡುವ ದಿನ ಕಾಳಿನ ಸಾರು ಬಿಟ್ಟು ಅನ್ನ ಮೊಸರು ಊಟ ಮಾಡಿ.

ನಿಮ್ಮ ಪ್ರಯಾಣದಲ್ಲಿ ನಿದ್ದೆಗೆ ಒಳ್ಳೆಯ ಹೊತ್ತು ಮೊದಲ ವಿಮಾನ. ಆಗ ನಿಮ್ಮ ಮೈಗೆ ನಿಜವಾಗಿಯೂ ರಾತ್ರಿ. ಆದರೆ ವಿಮಾನ ಮೇಲೇರಿದ ಮೇಲೆ ದೀಪ ಹಾಕಿ ಊಟ ಕೊಡಲು ಬರುತ್ತಾರೆ. ಜಾಸ್ತಿ ಜನ ನಿದ್ದೆ ಕೆಡಿಸಿಕೊಳ್ಳುವುದು ಅಲ್ಲೇ. ನೀವು ಮನೆಯಲ್ಲೇ ಉಂಡು ಹೊರಡಿ. ಹತ್ತಿದ ಕೂಡಲೇ "ಊಟ ಬೇಡ, ಎಬ್ಬಿಸಬೇಡಿ" ಅಂತ ಹೇಳಿಬಿಡಿ. ಸೀಟ್ ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವ ಹಾಗೆ ಹಾಕಿಕೊಂಡರೆ ಅದನ್ನು ನೋಡಲೆಂದು ಎಬ್ಬಿಸುವುದಿಲ್ಲ. ಅಂಟಿನುಂಡೆ, ಚಟ್ನಿಪುಡಿ ಕಟ್ಟುವ ಕೆಲಸವೆಲ್ಲ ಹಿಂದಿನ ದಿನವೇ ಮುಗಿಯಲಿ. ಹೊರಡುವ ದಿನ ಮಧ್ಯಾಹ್ನ ಎರಡು ಗಂಟೆ ಮಲಗಿ.

ಎರಡನೆಯ ವಿಮಾನ 11 ಗಂಟೆಗೂ ಮೀರಿದ ದಾರಿ. ಮೊದಲರ್ಧ ಎದ್ದು ಓಡಾಡಿ, ನೀರು ಕುಡಿಯಿರಿ, ಪಾದ ಮೇಲೆ ಕೆಳಗೆ ಆಡಿಸಿ. ಉಳಿದರ್ಧದಲ್ಲಿ ಮಲಗಲು ನೋಡಿ. ಕೊನೆಯ ಕಾಫಿ ಫ್ರಾಂಕ್‌ಫರ್ಟ್‌ನಲ್ಲೇ ಆಗಿಬಿಡಲಿ. ನಿದ್ದೆ ಬರಲಿಲ್ಲವೇ, ಪರದೆಯ ಮೇಲೆ ಇನ್ನೆಷ್ಟು ಗಂಟೆ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಸುಮ್ನೆ ಕಣ್ಣು ಮುಚ್ಚಿ ಒರಗಿಕೊಳ್ಳಿ, ಅದರಿಂದಲೂ ದಣಿವು ಕಡಿಮೆಯಾಗುತ್ತದೆ. ಬಿಪಿ ಮಾತ್ರೆ ಕೈಚೀಲದಲ್ಲೇ ಇರಲಿ. ಅದನ್ನು ಯಾವ ಹೊತ್ತಿಗೆ ತಗೊಳ್ಳಬೇಕು ಅಂತ ನಿಮ್ಮ ಡಾಕ್ಟರನ್ನು ಮೊದಲೇ ಕೇಳಿ ಬರೆದುಕೊಳ್ಳಿ.

ಜೂನ್‌ನಲ್ಲಿ ಅಲ್ಲಿಗೂ ನಮಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಹಗಲು ರಾತ್ರಿ ಪೂರ್ತಿ ತಿರುವುಮುರುವು. ಮೈ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆ. ಹಗಲಲ್ಲಿ ಬಿಸಿಲಿಗೆ ನಡೆದಾಡಿ, ಅರ್ಧ ಗಂಟೆಗಿಂತ ಜಾಸ್ತಿ ಮಲಗಬೇಡಿ. ವಾರ, ಹತ್ತು ದಿನ ಮಂಕು ಇರಬಹುದು ಅಂತ ಮಗಳಿಗೂ ಈಗಲೇ ಹೇಳಿಡಿ. ಅಲ್ಲಿಯವರೆಗೆ ರಾತ್ರಿ ಮಗುವನ್ನು ಎತ್ತಿಕೊಂಡು ಸೋಫಾದಲ್ಲಿ ಕೂರುವುದು ಬೇಡವೇ ಬೇಡ. ನಿದ್ದೆಗಣ್ಣಲ್ಲಿ ಕೈ ಸಡಿಲವಾದರೆ ಕಷ್ಟ. ಆ ಪಾಳಿ ಅಳಿಯಂದಿರು ನೋಡಿಕೊಳ್ಳಲಿ.