ಕಟ್ಟೋಕಾಗದ ಕಾಲೇಜಿಗೆ ಅರ್ಜಿ ಹಾಕೂದು ತಪ್ಪೇನ್ರಿ?

ಗುಳೇದಗುಡ್ಡದಿಂದ ಬಂದ ಪತ್ರ ಇದು. ಹೆಸರು ಹಾಕಬೇಡಿ ಎಂದು ಬರೆದವರು ಕೇಳಿಕೊಂಡಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ:

“ಸರ್ಕಾರಿ ಕಾಲೇಜಿನಲ್ಲಿ ಸೆಕೆಂಡ್ ಪಿಯು ಸೈನ್ಸ್ ಓದುತ್ತಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಅಪ್ಪ ಮಜೂರಿಗೆ ಖಣ ನೇಯುತ್ತಾರೆ, ಅವ್ವ ನೂಲಿನ ಕಂಡಿಕೆ ಸುತ್ತುತ್ತಾಳೆ. ಜನವರಿಯ ಜೆಇಇ ಮೇನ್ ಚೆನ್ನಾಗಿ ಆಗಿದೆ. ಐಐಟಿಗೂ ಪ್ರಯತ್ನ ಮಾಡು ಎಂದು ನಮ್ಮ ಸರ್ ಹೇಳಿದರು. ಆದರೆ ವರ್ಷಕ್ಕೆ ಎರಡು ಲಕ್ಷ ಫೀ ಅಂತೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಹೇಳಿದರೆ ಅಪ್ಪ ಸಂಕಟಪಡುತ್ತಾರೆ. ಕಟ್ಟೋಕಾಗದ ಕಾಲೇಜಿಗೆ ಅರ್ಜಿ ಹಾಕೂದು ತಪ್ಪೇನ್ರಿ? ಉತ್ತರವನ್ನು ಪತ್ರಿಕೆಯಲ್ಲೇ ಹಾಕಿ, ಮನೆಗೆ ಕಳಿಸಬೇಡಿ.”

ತಂಗಿ,

ತಪ್ಪಲ್ಲ. ಅರ್ಜಿ ಹಾಕದೇ ಇರುವುದೇ ತಪ್ಪು.

ನಾನು ಪಿಯು ಮುಗಿಸಿದಾಗ ಧಾರವಾಡದ ಒಂದು ಕಾಲೇಜಿನ ಅರ್ಜಿ ತಂದಿದ್ದೆ. ಹಾಸ್ಟೆಲ್ ಫೀ ನೋಡಿದೆ. ಅಪ್ಪನಿಗೆ ತೋರಿಸದೆ ಅದನ್ನು ಗೋಡೆಯ ಮಾಡದಲ್ಲಿಟ್ಟೆ. ಎರಡು ವರ್ಷ ಆದ ಮೇಲೆ ಅಲ್ಲೇ ಓದುತ್ತಿದ್ದ ಗೆಳೆಯ ಸಿಕ್ಕ. ನಮ್ಮಂಥ ಮನೆಯವರಿಗೆ ಅಲ್ಲಿ ಫೀ ಮಾಫಿ ಇತ್ತಂತೆ. ಅಪ್ಪ ಬೇಡ ಅಂದಿರಲಿಲ್ಲ, ಕಾಲೇಜಿನವರೂ ಬೇಡ ಅಂದಿರಲಿಲ್ಲ. ಇಬ್ಬರ ಪರವಾಗಿ ನಾನೇ ಬೇಡ ಅಂದುಬಿಟ್ಟಿದ್ದೆ. ನೀನೂ ಈಗ ಅದನ್ನೇ ಮಾಡಲು ಹೊರಟಿದ್ದೀಯ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಎರಡು ಲಕ್ಷದ ಮಾತು ಸುಳ್ಳಲ್ಲ. 2016ರಲ್ಲಿ ಐಐಟಿಗಳ ಬೋಧನಾ ಶುಲ್ಕ 90,000ದಿಂದ 2 ಲಕ್ಷಕ್ಕೆ ಏರಿತು. ಏರಿದ್ದು ಊರಿಗೆಲ್ಲ ಗೊತ್ತಾಯಿತು. ಅದರ ಜೊತೆಗೇ ಬಂದ ಇನ್ನೊಂದು ನಿಯಮ ನಮ್ಮ ಕಡೆ ತಲುಪಲೇ ಇಲ್ಲ. ಮನೆಯ ವರ್ಷದ ಆದಾಯ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ. 1 ಲಕ್ಷದಿಂದ 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ, ಅಂಗವಿಕಲರಿಗೆ ಪೂರ್ತಿ ಮಾಫಿ. ಸುರತ್ಕಲ್‌ನಂಥ ಎನ್‌ಐಟಿಗಳಲ್ಲೂ ಹೀಗೇ ಇದೆ. ಅಂದರೆ ನಿಮ್ಮ ಮನೆಗೆ ಆ ಎರಡು ಲಕ್ಷ ಸೊನ್ನೆ ಆಗಬಹುದು, ಇಲ್ಲವೇ ಸುಮಾರು 67,000 ಆಗಬಹುದು.

ಸೊನ್ನೆಯೋ 67,000ವೋ ಎಂಬುದು ನಾಡಕಚೇರಿಯ ಒಂದು ಹಾಳೆಯ ಮೇಲೆ ನಿಂತಿದೆ. ಹಾಗಾಗಿ ಆದಾಯ ಪ್ರಮಾಣಪತ್ರದ ವಿಷಯವನ್ನು ಹಗುರಾಗಿ ತಗೋಬೇಡ. ನೌಕರಿ ಇದ್ದವರಿಗೆ ಸಂಬಳದ ಚೀಟಿ ಇರುತ್ತದೆ. ನೇಕಾರರಿಗೆ ಏನಿದೆ? ಕೇಳಿದಾಗ ಅಪ್ಪ ಅಂದಾಜಿಗೆ ಒಂದು ಸಂಖ್ಯೆ ಹೇಳುತ್ತಾರೆ, ಅದೇ ದಾಖಲೆ ಆಗುತ್ತದೆ. ಮರ್ಯಾದೆಗಾಗಿ ಜಾಸ್ತಿ ಹೇಳುವವರನ್ನೂ ನಾನು ನೋಡಿದ್ದೇನೆ. ಒಂದು ಸಂಜೆ ಅಪ್ಪನ ಜೊತೆ ಕೂತು ಲೆಕ್ಕ ಹಾಕು. ತಿಂಗಳಿಗೆ ಎಷ್ಟು ಖಣ ಇಳಿಯುತ್ತವೆ, ಒಂದಕ್ಕೆ ಮಜೂರಿ ಎಷ್ಟು, ಮಳೆಗಾಲದಲ್ಲಿ ಮಗ್ಗದ ಕುಣಿಗೆ ನೀರು ಬಂದು ಎಷ್ಟು ದಿನ ಕೆಲಸ ನಿಲ್ಲುತ್ತದೆ, ಅವ್ವನ ಕಂಡಿಕೆ ದುಡ್ಡು ಎಷ್ಟು. ಆ ಹಾಳೆ ಹಿಡಿದು ತಲಾಠಿಯ ಹತ್ತಿರ ಹೋಗಿ. ಇದ್ದದ್ದನ್ನು ಇದ್ದಷ್ಟೇ ಬರೆಸಿ. ದುಡ್ಡು ಕೊಟ್ಟರೆ ಕಡಿಮೆ ಮಾಡಿಸುತ್ತೇನೆ ಎನ್ನುವವರು ಸಿಗುತ್ತಾರೆ, ಅವರನ್ನು ಹತ್ತಿರ ಸೇರಿಸಬೇಡಿ. ಸುಳ್ಳು ಕಾಗದ ಮುಂದೆ ನಿನ್ನ ಸೀಟಿಗೇ ಕುತ್ತು ತರುತ್ತದೆ.

ಜಾತಿ ಪ್ರಮಾಣಪತ್ರದ್ದು ಇನ್ನೊಂದು ತೊಡಕು. ರಾಜ್ಯದ ಸಿಇಟಿಗೆ ನಡೆಯುವ 2ಎ, 3ಬಿ ವರ್ಗದ ಕಾಗದ ಐಐಟಿಗೆ ನಡೆಯುವುದಿಲ್ಲ. ನಿಮ್ಮ ಸಮುದಾಯ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದ್ದರೆ, ಕೇಂದ್ರದ ನಮೂನೆಯಲ್ಲೇ ಬೇರೆ ಪ್ರಮಾಣಪತ್ರ ಬೇಕು. ಅದೂ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದೇ ಆಗಬೇಕು. ಏಪ್ರಿಲ್ ಬಂದ ಕೂಡಲೇ ಅರ್ಜಿ ಕೊಡು. ಹಾಗೇ ಅಪ್ಪನ ಹೆಸರು ಆಧಾರ್‌ನಲ್ಲಿ, ನಿನ್ನ ಮಾರ್ಕ್ಸ್ ಕಾರ್ಡಿನಲ್ಲಿ ಒಂದೇ ಥರ ಇದೆಯಾ ನೋಡು. ಒಂದು ಕಡೆ ಅಡ್ಡಹೆಸರು ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಈಗಲೇ ಸರಿ ಮಾಡಿಸಿಕೊಳ್ಳಿ.

ಬೋಧನಾ ಶುಲ್ಕ ಮಾಫಿಯಾದರೆ ಎಲ್ಲ ಪುಕ್ಕಟೆ ಎಂದು ನಾನು ಹೇಳುವುದಿಲ್ಲ. ಹಾಸ್ಟೆಲ್, ಮೆಸ್, ಬಸ್ಸು, ಲ್ಯಾಪ್‌ಟಾಪ್ ಇದ್ದೇ ಇರುತ್ತವೆ. ನಿಮ್ಮ ಮನೆಗೆ ಅದು ಸಣ್ಣ ದುಡ್ಡಲ್ಲ. ಹತ್ತನೇ ತರಗತಿಯನ್ನೂ ಸರ್ಕಾರಿ ಶಾಲೆಯಲ್ಲೇ ಓದಿದ್ದರೆ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕು. ಹೆಣ್ಣುಮಕ್ಕಳಿಗೆಂದೇ ಇರುವುದು, ವರ್ಷಕ್ಕೆ 30,000 ರೂಪಾಯಿ. ಉಳಿದದ್ದಕ್ಕೆ ಸಾಲ ಬೇಕಾದೀತು. ಸಾಲ ಅಂದ ಕೂಡಲೇ ಅಪ್ಪ ಹೆದರುತ್ತಾರೆ, ಗೊತ್ತು. ಸಾವುಕಾರರ ಮುಂಗಡಕ್ಕೆ ಮಗ್ಗವನ್ನೇ ಕಟ್ಟಿಹಾಕಿಕೊಂಡ ಮನೆಗಳು ನಿಮ್ಮೂರಲ್ಲಿ ಕಡಿಮೆ ಇಲ್ಲ. ಆದರೆ ಇದು ಬೇರೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಒಳ್ಳೆಯ ಕಾಲೇಜುಗಳಿಗೆ ಸೇರಿದವರಿಗೆ ಅಡಮಾನ ಇಲ್ಲದೆ, ಜಾಮೀನುದಾರರಿಲ್ಲದೆ ಬ್ಯಾಂಕ್ ಸಾಲ ಸಿಗುತ್ತದೆ. ಮನೆ ಪತ್ರ ಇಡಬೇಕಿಲ್ಲ, ಯಾರ ಕಾಲೂ ಹಿಡಿಯಬೇಕಿಲ್ಲ. ಬಡ್ಡಿಯಲ್ಲೂ ಸರ್ಕಾರದ ನೆರವಿದೆ. ಇದನ್ನು ಅಪ್ಪನಿಗೆ ಎರಡು ಸಲ ಬಿಡಿಸಿ ಹೇಳು.

ಭಾಷೆಯ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. 2021ರಿಂದ ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಐಐಟಿಗೆ ಮೇನ್ ಆದ ಮೇಲೆ ಬರೆಯಬೇಕಾದ ಜೆಇಇ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ. ಇದು ನಮ್ಮ ಮಕ್ಕಳಿಗೆ ಆಗುತ್ತಿರುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಸದ್ಯಕ್ಕೆ ಹಳೆಯ ಇಂಗ್ಲಿಷ್ ಪ್ರಶ್ನೆಪತ್ರಿಕೆಗಳನ್ನು ದಿನಾ ಓದಿ ರೂಢಿ ಮಾಡಿಕೋ.

ಸಿಇಟಿ ಬಿಡಬೇಡ. ಒಂದರಿಂದ ಹತ್ತರವರೆಗೆ ಪೂರ್ತಿ ಕನ್ನಡದಲ್ಲಿ ಓದಿದವರಿಗೆ ಅಲ್ಲಿ 5% ಮೀಸಲಾತಿ ಇದೆ. ಬೋಧನಾ ಶುಲ್ಕ ಮಾಫಿ ಇರುವ ಎಸ್‌ಎನ್‌ಕ್ಯೂ ಸೀಟುಗಳೂ ಇವೆ. ಫಾರ್ಮ್ ತುಂಬುವಾಗ ಎರಡನ್ನೂ ಕೇಳಿಕೋ. ಐಐಟಿ ಸಿಗದೆ ಬಾಗಲಕೋಟೆಯಲ್ಲೋ ಬೆಳಗಾವಿಯಲ್ಲೋ ಓದಿದರೂ ಅದು ಸೋಲಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನಾನು ಬೇಡ ಅನ್ನುತ್ತಿರುವುದು, ಏನನ್ನೂ ಕೇಳದೆ ನೀನೇ ಒಳಗೊಳಗೆ ಮುಗಿಸಿಬಿಡುವುದನ್ನು. ಸೀಟು ಬರಲಿ, ಕಟ್ಟಬೇಕಾದ ದುಡ್ಡು ಎಷ್ಟು ಎಂದು ಕಾಗದದ ಮೇಲೆ ಕಾಣಲಿ. ಆಗ ಮನೆಯವರೆಲ್ಲ ಕೂತು ತೀರ್ಮಾನ ಮಾಡಿ.

ನೀನು ಕೇಳಿದಂತೆ ಮನೆಗೆ ಏನೂ ಕಳಿಸುತ್ತಿಲ್ಲ. ಆದರೆ ಈ ಪುಟವನ್ನು ಅವ್ವನ ಮುಂದೆ ಓದು. ಅವರು ಕಂಡಿಕೆ ಸುತ್ತುತ್ತಲೇ ಕೇಳಿಸಿಕೊಳ್ಳಲಿ. ಅವರೇನಾದರೂ ಕೇಳಿದರೆ, ಅವರ ಮಾತಿನಲ್ಲೇ ಬರೆದು ಕಳಿಸು. ಮುಂದಿನ ಸಂಚಿಕೆಯಲ್ಲಿ ಅವರಿಗೇ ಉತ್ತರ ಬರೆಯುತ್ತೇನೆ.

— ಸಂಪಾದಕ