ಕಾರಟಗಿ ಅಣ್ಣಾರೆ, 300 ಎಂಬಿಪಿಎಸ್ ಬೇಡ, ಬ್ರಿಡ್ಜ್ ಮೋಡ್ ಕೊಡ್ರಿ

ಕಾರಟಗಿಯಲ್ಲಿ ಫೈಬರ್ ಇಂಟರ್ನೆಟ್ ಕೊಡೋ ಅಣ್ಣಾರು ನಮ್ಮ ಗುಂಪಲ್ಲಿ ಕೇಳಿದ್ದು ಇಷ್ಟು: 400 ಕನೆಕ್ಷನ್, ಮನೆಯಿಂದ ಕೆಲಸ ಮಾಡೋ ಹತ್ತು ಹನ್ನೆರಡು ಹುಡುಗರು ಬಿಟ್ಟು ಹೋಗ್ತೀವಿ ಅಂತಿದ್ದಾರೆ, 100 ಎಂಬಿಪಿಎಸ್ ಪ್ಲಾನನ್ನು ಪುಕ್ಕಟೆ 300 ಮಾಡಿ ಹೊಸ ಡ್ಯುಯಲ್ ಬ್ಯಾಂಡ್ ಓಎನ್‌ಯು (ಮನೇಲಿ ಫೈಬರ್ ಬಂದು ಸೇರೋ ಡಬ್ಬಿ) ಹಾಕಿಕೊಟ್ಟರೆ ನಿಲ್ತಾರಾ? ನಿಲ್ಲಲ್ಲ. ನಾನೂ ಇದೇ ದಡ್ಡತನ ಮಾಡಿದವನೇ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಅವರ ಕಂಪ್ಲೇಂಟ್ ನೀವೇ ಹಾಕಿದ್ದೀರಲ್ಲ, ಇನ್ನೊಮ್ಮೆ ಓದ್ರಿ. ಕ್ಯಾಮೆರಾ ಹೊರಗಿಂದ ಓಪನ್ ಆಗಲ್ಲ. ಗೇಮಲ್ಲಿ ನ್ಯಾಟ್ (ಒಂದೇ ಐಪಿ ವಿಳಾಸವನ್ನು ಹಲವರು ಹಂಚಿಕೊಳ್ಳೋ ವ್ಯವಸ್ಥೆ) ಸ್ಟ್ರಿಕ್ಟ್ ಅಂತ ಬರುತ್ತೆ. ಆಫೀಸ್ ವಿಪಿಎನ್ (ಆಫೀಸ್ ನೆಟ್‌ವರ್ಕಿಗೆ ಸೇರಿಸೋ ಗುಪ್ತ ದಾರಿ) ಕನೆಕ್ಟ್ ಆಗುತ್ತೆ, ಫೈಲ್ ಹೋಗಲ್ಲ. ಇದರಲ್ಲಿ ಒಂದಾದರೂ ಸ್ಪೀಡಿನ ಮಾತಿದೆಯಾ?

ಮೊದಲು ಬ್ರಿಡ್ಜ್ ಮೋಡ್, ಅಂದರೆ ಓಎನ್‌ಯು ರೌಟರ್ ಕೆಲಸ ಬಿಟ್ಟು ಬರೀ ದಾರಿ ಬಿಡೋದು. ಇಂಥವರ ಮನೇಲಿ ನಿಮ್ಮ ಓಎನ್‌ಯುಗಿಂತ ಒಳ್ಳೇ ರೌಟರ್ ಆಗಲೇ ಇರುತ್ತೆ. ಈಗ ಓಎನ್‌ಯುನಲ್ಲಿ ಒಂದು ನ್ಯಾಟ್, ಅವರ ರೌಟರಲ್ಲಿ ಇನ್ನೊಂದು, ನಿಮ್ಮ ಸಿಜಿನ್ಯಾಟ್ (ಎಲ್ಲ ಮನೆಗೂ ಸೇರಿ ನೀವು ಮಾಡೋ ನ್ಯಾಟ್) ಮೂರನೇದು. ಇಷ್ಟು ಬಾಗಿಲು ದಾಟಿ ಕ್ಯಾಮೆರಾ ಎಲ್ಲಿ ಸಿಗಬೇಕು? ಓಎನ್‌ಯುನಲ್ಲಿ ಇಂಟರ್ನೆಟ್ ವ್ಯಾನ್ (ಹೊರಗಿನ ಸಂಪರ್ಕ) ಅನ್ನು ಬ್ರಿಡ್ಜಿಗೆ ಹಾಕ್ರಿ, ಆ ವಿಲ್ಯಾನ್ (ಒಂದೇ ತಂತಿಯೊಳಗೆ ಬೇರೆ ಮಾಡಿದ ಜಾಲ) ಅನ್ನು ಮನೆ ಕಡೆಯ ಲ್ಯಾನ್ 1 ಪೋರ್ಟಿಗೆ ಬೈಂಡ್ ಮಾಡಿ ಅನ್‌ಟ್ಯಾಗ್ (ಗುರುತಿನ ಸಂಖ್ಯೆ ಇಲ್ಲದೆ) ಬಿಡ್ರಿ, ಓಎನ್‌ಯು ವೈಫೈ, ಡಿಎಚ್‌ಸಿಪಿ (ಐಪಿ ತಾನೇ ಹಂಚೋದು) ಎರಡೂ ಆಫ್. ಪಿಪಿಪಿಒಇ (ನಿಮ್ಮ ಸರ್ವರಿಗೆ ಲಾಗಿನ್ ಆಗೋ ವಿಧಾನ) ಐಡಿ, ಪಾಸ್‌ವರ್ಡ್ ಅವರ ಕೈಗೇ ಕೊಡ್ರಿ, ಬಚ್ಚಿಡೋದಕ್ಕೆ ಅದೇನು ಲಾಕರ್ ಕೀಲಿಯಲ್ಲ. ಮ್ಯಾನೇಜ್‌ಮೆಂಟ್ ವಿಲ್ಯಾನ್ ಮಾತ್ರ ಮುಟ್ಟಬೇಡ್ರಿ, ಅಳಿಸಿದರೆ ಓಎನ್‌ಯು ನಿಮ್ಮ ಕೈ ತಪ್ಪುತ್ತೆ.

ರೇಡಿಯಸ್‌ನಲ್ಲಿ (ಲಾಗಿನ್ ಪರೀಕ್ಷಿಸೋ ಸರ್ವರ್) ಮ್ಯಾಕ್ ಬೈಂಡ್ (ಐಡಿಯನ್ನು ಒಂದೇ ರೌಟರಿಗೆ ಕಟ್ಟಿಹಾಕೋದು) ತೆಗೆದು, ಒಂದು ಐಡಿಗೆ ಒಂದೇ ಸೆಷನ್ ಅಂತ ಲಿಮಿಟ್ ಹಾಕ್ರಿ. ರಾತ್ರಿ 11ಕ್ಕೆ ರೌಟರ್ ಬದಲಿಸಿದ ಹುಡುಗ ಮ್ಯಾಕ್ ರಿಲೀಸ್ ಮಾಡ್ರಿ ಅಂತ ಫೋನ್ ಮಾಡೋದು ತಪ್ಪುತ್ತೆ. ಆದರೆ ಹಳೇ ಸೆಷನ್ ಸಾಯದೆ ಕೂತಿದ್ದರೆ ಹೊಸದು ರಿಜೆಕ್ಟ್ ಆಗುತ್ತೆ, ಕೀಪ್‌ಅಲೈವ್ (ಸೆಷನ್ ಬದುಕಿದೆಯಾ ಅಂತ ನೋಡೋ ಅವಧಿ) 30 ಸೆಕೆಂಡಿಗಿಂತ ಹೆಚ್ಚು ಇಡಬೇಡ್ರಿ.

ಬ್ರಿಡ್ಜ್ ಕೊಟ್ಟ ಮೇಲೆ ಕೆಡೋದು ಒಂದೇ ಕಡೆ. ಯಾರೋ ಒಬ್ಬ ಕೇಬಲನ್ನು ರೌಟರಿನ ವ್ಯಾನ್ ಪೋರ್ಟಿಗೆ ಹಾಕೋ ಬದಲು ಲ್ಯಾನಿಗೆ ಚುಚ್ಚುತ್ತಾನೆ, ಅವನ ಮನೆಯ ಡಿಎಚ್‌ಸಿಪಿ ನಿಮ್ಮ ವಿಲ್ಯಾನ್ ತುಂಬ ಹರಡುತ್ತೆ. ಓಎಲ್‌ಟಿಯಲ್ಲಿ (ಎಲ್ಲ ಓಎನ್‌ಯು ಬಂದು ಸೇರೋ ನಿಮ್ಮ ಕಡೆಯ ಯಂತ್ರ) ಪೋರ್ಟ್ ಐಸೊಲೇಷನ್ (ಒಬ್ಬ ಗ್ರಾಹಕನದು ಇನ್ನೊಬ್ಬನಿಗೆ ಹೋಗದಂತೆ ತಡೆಯೋದು) ಆನ್ ಇರಲಿ, ಗ್ರಾಹಕರ ವಿಲ್ಯಾನಲ್ಲಿ ಈಥರ್‌ಟೈಪ್ 8863, 8864 (ಪಿಪಿಪಿಒಇಯ ಎರಡು ಗುರುತು) ಬಿಟ್ಟು ಬೇರೇನೂ ದಾಟದಂತೆ ಫಿಲ್ಟರ್ ಹಾಕ್ರಿ. ಐಪಿವಿ6 (ಹೊಸ ಪೀಳಿಗೆಯ ಐಪಿ ವಿಳಾಸ) ಕೂಡ 8864ರ ಒಳಗೇ ಹೋಗೋದರಿಂದ ಅದಕ್ಕೆ ತೊಂದರೆಯಿಲ್ಲ.

ವಿಪಿಎನ್ ಕನೆಕ್ಟ್ ಆಗಿ ಫೈಲ್ ಹೋಗಲ್ಲ ಅಂದರೆ ಮೊದಲು ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ) ನೋಡ್ರಿ. ಮಾಮೂಲಿ 1500ರಲ್ಲಿ ಪಿಪಿಪಿಒಇ 8 ಬೈಟ್ ತಿನ್ನುತ್ತೆ, ಉಳಿಯೋದು 1492. ಎಂಎಸ್‌ಎಸ್ (ಟಿಸಿಪಿ ಪ್ಯಾಕೆಟ್ಟಿನೊಳಗಿನ ಡೇಟಾ ಮಿತಿ) 1452ಕ್ಕೆ ಕ್ಲ್ಯಾಂಪ್ ಮಾಡಿದರೆ ಟಿಸಿಪಿ ಸರಿಹೋಗುತ್ತೆ (ಐಪಿವಿ6ಗೆ 1432), ಯುಡಿಪಿ (ಟಿಸಿಪಿಯಲ್ಲದ ಇನ್ನೊಂದು ರೀತಿ) ಮೇಲೆ ಓಡೋ ವಿಪಿಎನ್‌ಗೆ ಅದು ಉಪಯೋಗವಿಲ್ಲ. ಅದಕ್ಕೆ 'ಪ್ಯಾಕೆಟ್ ದೊಡ್ಡದಾಯ್ತು' ಅನ್ನೋ ಐಸಿಎಂಪಿ ಸಂದೇಶ ವಾಪಸ್ ಬರಲೇಬೇಕು. ಸೆಕ್ಯೂರಿಟಿ ಅಂತ ಐಸಿಎಂಪಿ ಪೂರ್ತಿ ಡ್ರಾಪ್ ಮಾಡೋ ರೂಲ್ ನಮ್ಮ ಗುಂಪಲ್ಲೇ ಎಷ್ಟು ಸಲ ಫಾರ್ವರ್ಡ್ ಆಗಿದೆಯೋ! ದಯವಿಟ್ಟು ತೆಗೀರಿ. ಓಎಲ್‌ಟಿ, ಸ್ವಿಚ್ ಎಲ್ಲ 1508 ಬೈಟ್ ದಾಟಿಸೋದಾದರೆ ಪಿಪಿಪಿಒಇ ಸರ್ವರಲ್ಲಿ ಎಂಟಿಯು, ಎಂಆರ್‌ಯು (ಒಳಬರೋ ಪ್ಯಾಕೆಟ್ಟಿನ ಮಿತಿ) ಎರಡನ್ನೂ 1500 ಮಾಡ್ರಿ, ಗ್ರಾಹಕರ ರೌಟರೂ ಒಪ್ಪಿದರೆ ತಂಟೆಯೇ ಇಲ್ಲ.

ಇನ್ನು ಸಿಜಿನ್ಯಾಟ್. ಒಂದೇ ಪಬ್ಲಿಕ್ ಐಪಿ ಹಿಂದೆ 400 ಮನೆ ಇಟ್ಟಿದ್ದೀರಿ. ಒಂದು ಐಪಿಯಲ್ಲಿ ಸಿಗೋ 64,512 ಪೋರ್ಟನ್ನು (ಸಂಪರ್ಕದ ಸಂಖ್ಯೆ) 400ಕ್ಕೆ ಹಂಚಿದರೆ ಮನೆಗೆ 161. ಎರಡು ಮೊಬೈಲ್, ಒಂದು ಟಿವಿ ಇರೋ ಮನೆಗೇ ಅದು ಸಾಲಲ್ಲ. ಐಪಿಗೆ 64 ಮನೆ ಇಡ್ರಿ, ತಲಾ 1008 ಪೋರ್ಟ್ ಫಿಕ್ಸ್ ಬ್ಲಾಕ್. ಲಾಗೂ (ಯಾವ ಪೋರ್ಟ್ ಯಾರ ಹತ್ತಿರ ಇತ್ತು ಅನ್ನೋ ದಾಖಲೆ) ಸಣ್ಣದಾಗುತ್ತೆ, ಲೈಸೆನ್ಸಿಗೆ 2021ರ ಡಿಸೆಂಬರ್ ತಿದ್ದುಪಡಿ ಆದಮೇಲೆ 2 ವರ್ಷದ ಲಾಗ್ ಇಡಬೇಕಲ್ಲ. ಒಳಗಿನ ಐಪಿ 100.64.0.0/10ರಿಂದಲೇ (ಸಿಜಿನ್ಯಾಟಿಗೆ ಮೀಸಲಾದ ವಿಳಾಸ) ಕೊಡ್ರಿ, 10ರಿಂದ ಶುರುವಾಗೋದು ಕೊಟ್ಟರೆ ಆಫೀಸ್ ನೆಟ್‌ವರ್ಕಿಗೆ ಡಿಕ್ಕಿ ಹೊಡೆಯುತ್ತೆ. ಕೇಳೋ ಹನ್ನೆರಡು ಜನಕ್ಕೆ ಪಬ್ಲಿಕ್ ಐಪಿಯನ್ನೇ ಮಾರ್‍ರಿ. ಅಪ್‌ಸ್ಟ್ರೀಮ್‌ನಿಂದ (ನಿಮಗೆ ಇಂಟರ್ನೆಟ್ ಕೊಡೋ ಕಂಪನಿ) ಒಂದು /28 (16 ಐಪಿಯ ಗುಂಪು) ರೌಟ್ ಮಾಡಿಸಿಕೊಂಡರೆ ಪಿಪಿಪಿಒಇಯಲ್ಲಿ 16ಕ್ಕೆ 16ನ್ನೂ ಬಳಸಬಹುದು.

ಐಪಿವಿ6ಗೆ ನ್ಯಾಟ್ ಬೇಕಿಲ್ಲ, ಅದನ್ನು ಕೊಟ್ಟರೆ ಕ್ಯಾಮೆರಾ ರಗಳೆ ಅರ್ಧ ಮುಗೀತು. ಮನೆಗೆ ಒಂದೇ /64 (ಒಂದು ಜಾಲಕ್ಕಾಗೋ ವಿಳಾಸ ಗುಂಪು) ಕೊಡೋ ಜಿಪುಣತನ ಬೇಡ, ಗೆಸ್ಟ್ ವೈಫೈ ಮಾಡಿದ ದಿನವೇ ಸಾಲಲ್ಲ. /56 ಕೊಡ್ರಿ. /48ರಲ್ಲಿ 256 ಮನೆ ಅಷ್ಟೇ, 400ಕ್ಕೆ /47 ಬೇಕು, ಕೇಳೋದೇ ಆದರೆ /44 ಕೇಳ್ರಿ. ಮೈಕ್ರೋಟಿಕ್ ರೌಟರ್ ಇದ್ದರೆ ಪಿಪಿಪಿ ಪ್ರೊಫೈಲಲ್ಲಿ ಡಿಎಚ್‌ಸಿಪಿವಿ6 ಪಿಡಿ ಪೂಲ್ (ಮನೆಗೆ ಹಂಚೋ ವಿಳಾಸ ಗುಂಪು, ಅಂದರೆ ಪ್ರಿಫಿಕ್ಸ್‌ಗಳ ರಾಶಿ) ಹೆಸರು ಹಾಕಿದರೆ ಓಡುತ್ತೆ, ಆದರೆ ಕರೆಂಟ್ ಹೋಗಿ ಬಂದಾಗೆಲ್ಲ ಪ್ರಿಫಿಕ್ಸ್ ಬದಲಾಗಿ ಹುಡುಗರು ಬೈತಾರೆ. ರೇಡಿಯಸ್‌ನಿಂದಲೇ ಡೆಲಿಗೇಟೆಡ್ ಪ್ರಿಫಿಕ್ಸ್ ಫಿಕ್ಸ್ ಮಾಡ್ರಿ.

ಪುಕ್ಕಟೆ 300 ಯಾಕೆ ಬೇಡ ಅಂದರೆ, ನಿಮ್ಮದು ಇಪಾನ್ (ಒಂದು ಫೈಬರನ್ನು ಸ್ಪ್ಲಿಟರಿಂದ ಹಲವು ಮನೆಗೆ ಹಂಚೋ ಜಾಲ). ಒಂದು ಪಾನ್ ಪೋರ್ಟಿಗೆ ಕೈಗೆ ಸಿಗೋದು ಸುಮಾರು 1 ಜಿಬಿಪಿಎಸ್. ಮೂವರು ಒಟ್ಟಿಗೆ ಸ್ಪೀಡ್ ಟೆಸ್ಟ್ ಒತ್ತಿದರೆ 900 ಅಲ್ಲೇ ಹೋಯ್ತು, ಅದೇ ಸ್ಪ್ಲಿಟರಿನ ಉಳಿದ ಮನೆಯವರು ರಾತ್ರಿ 9ಕ್ಕೆ ಧಾರಾವಾಹಿ ನೋಡೋದು ಹೇಗೆ? 100ನ್ನೇ ಇಟ್ಟು ಅಪ್‌ಲೋಡನ್ನೂ 100 ಮಾಡ್ರಿ. ಕ್ಯೂ ಟೈಪ್ (ಪ್ಯಾಕೆಟ್ಟುಗಳನ್ನು ಸರದಿಯಲ್ಲಿ ನಿಲ್ಲಿಸೋ ರೀತಿ) ಡೀಫಾಲ್ಟ್ ತೆಗೆದು ಎಫ್‌ಕ್ಯೂ ಕೋಡೆಲ್ ಹಾಕ್ರಿ (ಮೈಕ್ರೋಟಿಕ್‌ನ ರೌಟರ್‌ಓಎಸ್ 7 ಬೇಕು). ಕೇಕ್ ಅನ್ನೋ ಇನ್ನೊಂದು ಟೈಪ್ ಇನ್ನೂ ಚೆನ್ನ ಅಂತಾರೆ, ಚೆನ್ನವೇ, 400 ಕ್ಯೂಗೆ ಸಿಪಿಯು ಮೇಲೆ ಬೀಳೋ ಹೊರೆ ಮಾತ್ರ ಕೇಳಬೇಡ್ರಿ.

ಲೈನ್ ಹೋದಾಗ 'ಟೆಕ್ನಿಕಲ್ ಇಶ್ಯೂ' ಅಂತ ಮೆಸೇಜ್ ಹಾಕಿದರೆ ಇವರಿಗೆ ಉರಿಯುತ್ತೆ. 'ಸಿದ್ದಾಪುರ ರಸ್ತೆಯಲ್ಲಿ ಭತ್ತದ ಹುಲ್ಲಿನ ಟ್ರ್ಯಾಕ್ಟರ್ ಕೇಬಲ್ ಎಳೆದಿದೆ, 24 ಕೋರ್ ಜಾಯಿಂಟ್, 2 ತಾಸು' ಅಂತ ಹಾಕ್ರಿ, ಒಬ್ಬನೂ ಫೋನ್ ಮಾಡಲ್ಲ. ಓಎನ್‌ಯುನಲ್ಲಿ ಎಷ್ಟು ಡಿಬಿಎಂ (ಬೆಳಕಿನ ಬಲದ ಅಳತೆ) ಬರ್ತಿದೆ ಅನ್ನೋದನ್ನೂ ಕೇಳಿದವರಿಗೆ ಹೇಳ್ರಿ. ಮೈನಸ್ 24ರ ಒಳಗಿದ್ದರೆ ನೆಮ್ಮದಿ, 27ರ ಹತ್ತಿರ ಹೋದರೆ ಅವರು ಕೇಳೋ ಮುಂಚೆ ಕನೆಕ್ಟರ್ ಒರೆಸಿ ಬರ್‍ರಿ. ಹಸಿರು (ತುದಿ ಓರೆ ಇರೋ) ಕನೆಕ್ಟರನ್ನು ನೀಲಿ (ನೇರ ತುದಿಯ) ಅಡಾಪ್ಟರಿಗೆ ತುರುಕಿದ್ದಾರಾ ಅಂತಲೂ ನೋಡ್ರಿ, ಹೊಸ ಹುಡುಗರು ಮಾಡೋ ಕೆಲಸವೇ ಅದು.

ಮಿನಿ ಯುಪಿಎಸ್ ಮಾರೋದಾದರೆ ಓಎನ್‌ಯು, ರೌಟರ್ ಎರಡೂ ಅಡಾಪ್ಟರಿನ ಆಂಪಿಯರ್ ಕೂಡಿಸಿ ನೋಡಿ ಕೊಡ್ರಿ. 1 ಆಂಪಿಯರಿಂದೊಂದು, 2 ಆಂಪಿಯರಿಂದೊಂದು ಇರೋ ಕಡೆ 2 ಆಂಪಿಯರಿನ ಅಗ್ಗದ ಡಬ್ಬಿ ಇಟ್ಟರೆ ಕರೆಂಟ್ ಹೋದ ತಕ್ಷಣ ಎರಡೂ ರೀಬೂಟ್.

ಮೊದಲು ಒಬ್ಬರ ಮನೇಲಿ ಬ್ರಿಡ್ಜ್ ಮಾಡಿ ನೋಡ್ರಿ. ಓಎನ್‌ಯು ಹಿಂದಿನ ಲೇಬಲ್ ಫೋಟೋ ಇಲ್ಲೇ ಹಾಕಿದರೆ ಯಾವ ಮೆನುವಲ್ಲಿ ಏನು ಒತ್ತಬೇಕು ಅಂತ ಹೇಳ್ತೀನಿ, ಲೇಬಲ್ಲಿನ ಪಾಸ್‌ವರ್ಡ್ ಮೇಲೆ ಬೆರಳಿಟ್ಟು ತೆಗೀರಿ.