ಮ್ಯೂನಿಕ್‌ನಿಂದ ವೆನಿಸ್‌ಗೆ ಕಾರಲ್ಲಿ: ನಮ್ಮ ಡಿಎಲ್ ಸಾಕಾ?

ಮ್ಯೂನಿಕ್‌ನಲ್ಲಿ ಕಾರು ಬಾಡಿಗೆಗೆ ಹಿಡಿದು ಆಸ್ಟ್ರಿಯಾ ದಾಟಿ ಇಟಲಿಗೆ ಹೋಗುವುದಕ್ಕೆ ಬೆಂಗಳೂರಿನ ಸ್ಮಾರ್ಟ್ ಕಾರ್ಡ್ ಡಿಎಲ್ ಸಾಕಾ ಅಂತ ಕೇಳಿದ್ದೀರಿ. ಅದೊಂದೇ ಸಾಲದು. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಶುಲ್ಕ 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಆದರೆ ಇದು ಡಿಎಲ್ ಜೊತೆಗಿದ್ದರೆ ಮಾತ್ರ ಲೆಕ್ಕಕ್ಕೆ. ಮೂಲ ಕಾರ್ಡ್ ಮನೆಯಲ್ಲಿ ಬಿಟ್ಟು ಡಿಜಿಲಾಕರ್ ತೋರಿಸ್ತೀನಿ ಅಂದ್ಕೋಬೇಡಿ.

ಬುಕ್ ಮಾಡುವಾಗಲೇ ಬಾಡಿಗೆ ಕಂಪನಿಗೆ ಆಸ್ಟ್ರಿಯಾ, ಇಟಲಿ ಎರಡೂ ಹೆಸರು ಹೇಳಿ, ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ಕ್ರೆಡಿಟ್ ಕಾರ್ಡ್ ಓಡಿಸುವವರ ಹೆಸರಲ್ಲೇ ಇರಲಿ. ನಾನು ಹೆಂಡತಿಯ ಕಾರ್ಡ್ ಕೊಟ್ಟು, ಕೌಂಟರ್ ಮುಂದೆ ಸೂಟ್‌ಕೇಸ್ ಮೇಲೆ ಒಂದೂವರೆ ಗಂಟೆ ಕೂತಿದ್ದೆ. ಕೊನೆಗೆ ಕಾರು ಅವಳ ಹೆಸರಿಗೇ ಆಯಿತು, ಪೂರ್ತಿ ಪ್ರವಾಸ ಅವಳೇ ಓಡಿಸಿದಳು!

ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್, ಅಂದರೆ ಇಂತಿಷ್ಟು ದಿನಕ್ಕೆ ಅಂತ ಮೊದಲೇ ಕೊಳ್ಳುವ ಹೆದ್ದಾರಿ ಪಾಸ್ ಬೇಕು, 10 ದಿನದ್ದು ಸಿಗುತ್ತದೆ. ಇಟಲಿ ಗಡಿಯ ಬ್ರೆನ್ನರ್ ಕಣಿವೆ ದಾರಿಯ ಕಡೆ ಹೋಗುವ ಎ13 ಹೆದ್ದಾರಿಗೆ ಟೋಲ್ ಬೇರೆ. ರಿಫ್ಲೆಕ್ಟರ್ ಜಾಕೆಟ್, ತ್ರಿಕೋನ ಫಲಕ ಕಾರಲ್ಲಿವೆಯಾ ನೋಡಿಕೊಳ್ಳಿ.

ಜಾಸ್ತಿ ಹುಷಾರಾಗಿರಬೇಕಾದ್ದು ಇಟಲಿಯಲ್ಲಿ. ಹಳೇ ಊರುಗಳ ಒಳಗೆ ಝಡ್‌ಟಿಎಲ್ (ಅನುಮತಿ ಇಲ್ಲದ ವಾಹನ ಹೋಗಬಾರದ ಜಾಗ) ಅಂತ ಕೆಂಪು ಉಂಗುರದ ಬಿಳಿ ಬೋರ್ಡ್ ಇರುತ್ತದೆ. ತಡೆಯೋಕೆ ಯಾರೂ ಇರಲ್ಲ, ಕ್ಯಾಮೆರಾ ಸುಮ್ನೆ ನಂಬರ್ ಹಿಡಿಯುತ್ತದೆ. ತಿಂಗಳುಗಳಾದ ಮೇಲೆ ದಂಡದ ಕಾಗದ ಮನೆಗೇ ಬರಬಹುದು, ಬಾಡಿಗೆಯವರು ತಮ್ಮ ಶುಲ್ಕ ಬೇರೆ ಹಿಡಿಯುತ್ತಾರೆ. ವೆನಿಸ್ ಒಳಗೆ ಹೇಗೂ ಕಾರು ಹೋಗಲ್ಲ ಅಲ್ವಾ, ಪಕ್ಕದ ದಡದಲ್ಲಿರುವ ಮೆಸ್ತ್ರೆಯಲ್ಲಿ ನಿಲ್ಲಿಸಿ ರೈಲು ಹತ್ತಿ.

ಷೆಂಗೆನ್ ವೀಸಾಗೆ ಮಾಡಿಸಿದ 30,000 ಯೂರೋ ವಿಮೆ ಆಸ್ಪತ್ರೆ ಖರ್ಚಿಗೆ, ಕಾರಿಗಲ್ಲ. ಕಾರಿನದ್ದು ಬೇರೆ ಕೇಳಿ.